ಬೆಂಗಳೂರಿನ ಬಾನಿಗೆ ಬಂದ ಕಾಲೇಜು ವಿಮಾನ

ಎಚ್‌ಎಎಲ್ ಎಂದೊಡನೆ ನೆನಪಾಗುವುದು ಯುದ್ಧವಿಮಾನಗಳು. ಆದರೆ ಬೆಂಗಳೂರಿನ ಆ ಕಾರ್ಖಾನೆಯಿಂದ ಮೊತ್ತಮೊದಲು ಮೇಲೇರಿದ್ದು ಪೈಲಟ್‌ಗಳಿಗೆ ಹಾರಾಟ ಕಲಿಸುವ ಪುಟ್ಟ ವಿಮಾನ, ಹಾರ್ಲೊ ಪಿಸಿ-5. ಅದರ ಬೇರು ಇದ್ದುದು ಅಮೆರಿಕದ ಒಂದು ಕಾಲೇಜಿನಲ್ಲಿ.

ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಜೂನಿಯರ್ ಕಾಲೇಜಿನ ಅಧ್ಯಾಪಕ ಮ್ಯಾಕ್ಸ್ ಹಾರ್ಲೊ, ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಒಂದು ವಿಮಾನ ನಿರ್ಮಿಸಿದರು. 1937ರಲ್ಲಿ ಹಾರಿದ ಅದು ಪರೀಕ್ಷೆಯ ವೇಳೆ ಬಿದ್ದು ಹಾಳಾಯಿತು. ಸುಧಾರಿಸಿದ ಮಾದರಿಗೆ ಪಿಜೆಸಿ-2 ಎಂಬ ಹೆಸರು ಬಂತು. ಆ ಮೂರಕ್ಷರ ಕಾಲೇಜಿನ ಹೆಸರಿನವೇ.

ಬಟ್ಟೆ ಹೊದಿಸಿದ ಜೋಡಿ ರೆಕ್ಕೆಯ ವಿಮಾನಗಳ ಕಾಲ ಆಗ ಮುಗಿಯುತ್ತಿತ್ತು. ಹೊಸ ಯುದ್ಧವಿಮಾನಗಳದು ಲೋಹದ ಮೈ, ಒಂದೇ ಜೊತೆ ರೆಕ್ಕೆ, ಹಾರುವಾಗ ಒಳಗೆ ಮಡಚಿಕೊಳ್ಳುವ ಚಕ್ರ. ಇಳಿಯುವಾಗ ಚಕ್ರ ಬಿಡಲು ಮರೆತರೆ ವಿಮಾನದ ಹೊಟ್ಟೆಯೇ ನೆಲಕ್ಕೆ ಉಜ್ಜುತ್ತದೆ. ಹಳೆಯ ವಿಮಾನದಲ್ಲಿ ಕಲಿತವರಿಗೆ ಈ ಎಚ್ಚರ ಹೇಗೆ ಬಂದೀತು? ಹಾರ್ಲೊ ವಿಮಾನದಲ್ಲಿ ಈ ಲಕ್ಷಣಗಳೆಲ್ಲ ಇದ್ದವು. ಅದನ್ನೇ ಮಾರ್ಪಡಿಸಿ, ಗುರು-ಶಿಷ್ಯರು ಒಬ್ಬರ ಹಿಂದೊಬ್ಬರು ಕೂರುವಂತೆ, ಇಬ್ಬರ ಕೈಗೂ ನಿಯಂತ್ರಣ ಸಿಗುವಂತೆ 1939ರಲ್ಲಿ ಪಿಸಿ-5 ಸಿದ್ಧವಾಯಿತು. ತವರಿನಲ್ಲಿ ತಯಾರಾದದ್ದು ಮಾತ್ರ ಬೆರಳೆಣಿಕೆಯಷ್ಟು.

ಇತ್ತ 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಹುಟ್ಟುಹಾಕಿದರು. ಎಂಟೇ ತಿಂಗಳಲ್ಲಿ, 1941ರ ಆಗಸ್ಟ್‌ನಲ್ಲಿ, ಅಮೆರಿಕದಿಂದ ತರಿಸಿದ ಭಾಗಗಳನ್ನು ಜೋಡಿಸಿ ಮೊದಲ ಪಿಸಿ-5 ಹಾರಿಸಲಾಯಿತು. ದೇಶಕ್ಕೆ ಅದೊಂದು ದೊಡ್ಡ ಭರವಸೆ.

ಆದರೆ ಭಾಗಗಳೂ ಹೊರಗಿನವು, ನಕ್ಷೆಯೂ ಹೊರಗಿನದು. ಯುದ್ಧ ಏಷ್ಯಕ್ಕೆ ವ್ಯಾಪಿಸಿದಾಗ ಅದರ ಬೆಲೆ ತಿಳಿಯಿತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನೆಯ ಕೈಸೇರಿತು. ತಯಾರಿಕೆ ಹಿಂದೆ ಸರಿದು, ಯುದ್ಧವಿಮಾನಗಳ ದುರಸ್ತಿಯೇ ಮುಖ್ಯ ಕೆಲಸವಾಯಿತು.

ಭಾರತದ್ದೇ ನಕ್ಷೆಯ ವಿಮಾನಕ್ಕೆ ಇನ್ನೂ ಕಾಯಬೇಕಿತ್ತು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2, ಅದೇ ಬೆಂಗಳೂರಿನಲ್ಲಿ 1951ರ ಆಗಸ್ಟ್‌ನಲ್ಲಿ ಹಾರಿತು. ಅದೂ ತರಬೇತಿ ವಿಮಾನವೇ. ಜೋಡಿಸಲು ಕಲಿತ ಕೈ ಸ್ವಂತವಾಗಿ ರೂಪಿಸುವಷ್ಟು ಪಳಗಲು ಸರಿಯಾಗಿ ಹತ್ತು ವರ್ಷ ಹಿಡಿಯಿತು.