ನಂಜನಗೂಡು ತಿರುಮಲಾಂಬ

ಡಿ.ವಿ. ಗುಂಡಪ್ಪ ಮುಳಬಾಗಿಲಿನಲ್ಲಿ ಹುಟ್ಟಿದ್ದು 1887ರ ಮಾರ್ಚ್ 17ರಂದು. ಎಂಟೇ ದಿನ ಕಳೆದು, ಮಾರ್ಚ್ 25ರಂದು, ನಂಜನಗೂಡಿನ ವಕೀಲರೊಬ್ಬರ ಮನೆಯಲ್ಲಿ ತಿರುಮಲಾಂಬ ಹುಟ್ಟಿದರು. ಕ್ಯಾಲನೂರಿನ ಶಾಲೆಯ ಮಕ್ಕಳಿಗೆ ಡಿವಿಜಿ ಗೊತ್ತು, ನಮ್ಮ ಕೋಲಾರ ಜಿಲ್ಲೆಯವರಲ್ಲವೇ! ತಿರುಮಲಾಂಬ ಎಂದರೆ ಮೇಷ್ಟ್ರುಗಳೂ ಒಂದು ಗಳಿಗೆ ತಡೆದು ನೆನಪಿಸಿಕೊಳ್ಳಬೇಕು.

ಇಬ್ಬರಿಗೂ ಕಾಲೇಜಿನ ಓದಿಲ್ಲ. ಗುಂಡಪ್ಪನವರು ಮೆಟ್ರಿಕ್ ಪಾಸಾಗದಿದ್ದರೂ ಬೆಂಗಳೂರು ಸೇರಿ ಪತ್ರಿಕೆಗಳಲ್ಲಿ ದುಡಿದು ಮೇಲೆ ಬಂದರು. ತಿರುಮಲಾಂಬನವರಿಗೆ ಆ ದಾರಿಯೂ ಇರಲಿಲ್ಲ. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದ ಅಯ್ಯಂಗಾರ್ ಮನೆಯಲ್ಲಿ ಇಂಥ ಹುಡುಗಿಯ ಪಾಲಿಗೆ ಉಳಿಯುತ್ತಿದ್ದುದು ಮಡಿ, ಅಡುಗೆ, ಹಿತ್ತಲು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಮಗಳ ಕೈಗೆ ಪುಸ್ತಕ ಕೊಟ್ಟರು. ಕನ್ನಡದ ಜೊತೆಗೆ ತಮಿಳು, ತೆಲುಗು ಮನೆಯಲ್ಲೇ ಒಲಿದವು.

1913ರಲ್ಲಿ ಆಕೆ 'ಸತೀಹಿತೈಷಿಣಿ' ಗ್ರಂಥಮಾಲೆ ಆರಂಭಿಸಿದರು. 'ಸುಶೀಲೆ' ಕಾದಂಬರಿ ಅದರಲ್ಲೇ ಹೊರಬಂದು ಮರುಮುದ್ರಣಗಳನ್ನೂ ಕಂಡಿತು. 1916ರಲ್ಲಿ 'ಕರ್ನಾಟಕ ನಂದಿನಿ' ಮಾಸಪತ್ರಿಕೆ, ಆಮೇಲೆ 'ಸನ್ಮಾರ್ಗದರ್ಶಿ'. ಕನ್ನಡದ ಮೊದಲ ಪತ್ರಕರ್ತೆ ಎಂಬ ಹೆಸರು ಬಂದದ್ದು ಹೀಗೆ. ನನ್ನ ಮಟ್ಟಿಗೆ ಕಾದಂಬರಿಗಳಿಗಿಂತ ಈ ಕೆಲಸವೇ ದೊಡ್ಡದು. ಬರೆಯುವ ಹೆಂಗಸರು ಬೇರೆ ಕಡೆಯೂ ಇದ್ದರು. ಏನು ಅಚ್ಚಾಗಬೇಕು, ಯಾರ ಬರಹ ಸೇರಬೇಕು ಎಂದು ತಾನೇ ತೀರ್ಮಾನಿಸುವ ಜಾಗದಲ್ಲಿ ಒಬ್ಬ ವಿಧವೆ ಕುಳಿತದ್ದು ಕನ್ನಡಕ್ಕೆ ಹೊಸದು. 1921ರಲ್ಲಿ 'ಸರಸ್ವತಿ' ಪತ್ರಿಕೆ ಆರಂಭಿಸಿ ನಾಲ್ಕು ದಶಕ ನಡೆಸಿದ ಆರ್. ಕಲ್ಯಾಣಮ್ಮನವರು ಇದೇ ದಾರಿಯಲ್ಲಿ ಮುಂದೆ ನಡೆದವರು.

ತಿರುಮಲಾಂಬ ಬಂಡಾಯಗಾರ್ತಿಯಲ್ಲ. ಅವರ ಕಥೆಗಳ ನಾಯಕಿಯರು ಪತಿಭಕ್ತೆಯರು, ತಾಳ್ಮೆಯ ಮೂರ್ತಿಗಳು. ಆದರೆ ಹೆಣ್ಣು ಓದಲೇಬೇಕು ಎಂಬ ಮಾತಿನಲ್ಲಿ ರಾಜಿಯಿಲ್ಲ. ಈ ಮಡಿವಂತಿಕೆ ಕಂಡು ಇಂದಿನ ಓದುಗರು ಮುಖ ಸಿಂಡರಿಸಬಹುದು. ಹಳೆಯ ಮನೆಗಳ ಒಳಕ್ಕೆ ಅವರ ಪುಸ್ತಕ ಹೋಗಲು ಬಾಗಿಲು ತೆರೆದದ್ದೂ ಅದೇ ಇರಬೇಕು.

ಈ ಕಥೆಯಲ್ಲಿ ನಮ್ಮ ಮಾಲೂರು ತಾಲ್ಲೂಕಿನವರೂ ಬರುತ್ತಾರೆ. 'ಮಾತೃನಂದಿನಿ' ಕಾದಂಬರಿಯನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕಟುವಾಗಿ ವಿಮರ್ಶಿಸಿದರು. ಮಾಸ್ತಿಯವರ ಸಣ್ಣಕಥೆಗಳ ಅಳತೆಗೋಲಿಗೆ ಆ ಕಾದಂಬರಿ ನಿಲ್ಲುವುದಿಲ್ಲ, ನಿಜ. ಆದರೆ ಅದೇ ಮಾತನ್ನು ಅಂದಿನ ಎಷ್ಟೋ ಗಂಡಸರ ಕಾದಂಬರಿಗಳಿಗೂ ಹೇಳಬಹುದಿತ್ತು. ತಿರುಮಲಾಂಬ ಮುಂದೆ ಬರವಣಿಗೆಯಿಂದ ದೂರವಾಗಿ ಮದ್ರಾಸಿನಲ್ಲಿ ನೆಲೆಸಿದರು. ಬದುಕಿರುವಾಗಲೇ ಸಾಹಿತ್ಯಲೋಕ ಅವರನ್ನು ಮರೆತಿತ್ತು. ಅವರನ್ನು ಮತ್ತೆ ಓದುಗರ ಮುಂದೆ ತಂದದ್ದು ಸಿ.ಎನ್. ಮಂಗಳಾ, ವಿಜಯಾ ದಬ್ಬೆ ಅವರಂಥ ಲೇಖಕಿಯರೇ.

1982ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ನಿಮ್ಮೂರಿನ ಗ್ರಂಥಾಲಯದಲ್ಲಿ ತಿರುಮಲಾಂಬನವರ ಒಂದಾದರೂ ಪುಸ್ತಕ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ತರಿಸಿಕೊಡಿ ಎಂದು ಬರೆದು ಕೊಟ್ಟು ಬನ್ನಿ.