ಹಿರಿಯರ ಹಲ್ಲಿನ ಬುಡ ನೋಡಿದ್ದೀರಾ?

ಮನೆಯ ಹಿರಿಯರು ಊಟಕ್ಕೆ ಕುಳಿತಾಗ ಸ್ವಲ್ಪ ಗಮನಿಸಿ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಾರೆಯೇ? ಮಾಂಸದ ತುಂಡನ್ನು ಮೆಲ್ಲನೆ ಮೊಮ್ಮಕ್ಕಳ ತಟ್ಟೆಗೆ ದಾಟಿಸುತ್ತಿದ್ದಾರೆಯೇ? ಒಂದೇ ಬದಿಯಲ್ಲಿ ಜಗಿಯುತ್ತಿದ್ದಾರೆಯೇ? ಕೇಳಿದರೆ, "ವಯಸ್ಸಾಯಿತಲ್ಲ, ಹಲ್ಲು ಇನ್ನೆಷ್ಟು ದಿನ ಇದ್ದೀತು?" ಎನ್ನುತ್ತಾರೆ. ನಾವೂ ಹೌದೆಂದು ಸುಮ್ಮನಾಗುತ್ತೇವೆ.

ಆದರೆ ಹಲ್ಲನ್ನು ಕೀಳುವುದು ವಯಸ್ಸಲ್ಲ, ರೋಗ. ವಸಡಿನ ರೋಗದ ಜೊತೆಗೆ ಹಿರಿಯರ ಹಲ್ಲುಗಳನ್ನು ಸದ್ದಿಲ್ಲದೆ ಕಸಿದುಕೊಳ್ಳುವ ಇನ್ನೊಂದು ರೋಗವಿದೆ. ಅದೇ ಹಲ್ಲಿನ ಬೇರಿನ ಹುಳುಕು. ಸಮಯಕ್ಕೆ ಕಂಡುಹಿಡಿದರೆ ಇದನ್ನು ತಡೆದು ನಿಲ್ಲಿಸಬಹುದು.

ಬೇರಿಗೇಕೆ ಹುಳುಕು?

ಹಲ್ಲಿನ ಹೊರಗೆ ಕಾಣುವ ಭಾಗಕ್ಕೆ ಎನಾಮೆಲ್ ಎಂಬ ಹೊದಿಕೆಯಿದೆ. ಇದು ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ವಸಡಿನೊಳಗಿರುವ ಬೇರಿಗೆ ಈ ಕವಚವಿಲ್ಲ. ಸಿಮೆಂಟಮ್ ಎಂಬ ತೆಳುವಾದ ಪದರ, ಅದರಡಿಯಲ್ಲಿ ಮೆದುವಾದ ಡೆಂಟಿನ್, ಅಷ್ಟೆ. ವಸಡು ಮುಚ್ಚಿಕೊಂಡಿರುವವರೆಗೆ ಬೇರು ಸುರಕ್ಷಿತ. ವಸಡಿನ ರೋಗದಿಂದಲೋ, ಗಟ್ಟಿ ಬ್ರಷ್‌ನಿಂದ ಅಡ್ಡಡ್ಡ ಉಜ್ಜುವುದರಿಂದಲೋ, ಹೊಗೆಸೊಪ್ಪನ್ನು ಒಂದೇ ಕಡೆ ಇಟ್ಟುಕೊಳ್ಳುವುದರಿಂದಲೋ ವಸಡು ಕೆಳಗೆ ಸರಿದರೆ ಬೇರು ಬಯಲಾಗುತ್ತದೆ.

ನಾವು ತಿಂದ ಸಕ್ಕರೆ ಮತ್ತು ಪಿಷ್ಟವನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಬಾಯಿಯ ಪಿಎಚ್ ಮಟ್ಟ ಸುಮಾರು 5.5ಕ್ಕೆ ಇಳಿದಾಗ ಎನಾಮೆಲ್ ಕರಗತೊಡಗುತ್ತದೆ. ಬೇರಾದರೋ 6.2ರಿಂದ 6.7ರ ನಡುವೆಯೇ ಕರಗಲು ಶುರುವಾಗುತ್ತದೆ. ಅಂದರೆ ಎನಾಮೆಲ್ ತಡೆದುಕೊಳ್ಳುವ ಸಣ್ಣ ಹುಳಿಯೂ ಬೇರಿಗೆ ಹಾನಿ ಮಾಡಬಲ್ಲದು.

ಈ ಆಮ್ಲವನ್ನು ತೊಳೆದು ಶಮನ ಮಾಡುವುದು ಜೊಲ್ಲು. ಆದರೆ ರಕ್ತದೊತ್ತಡ, ಖಿನ್ನತೆ, ಅಲರ್ಜಿ ಮುಂತಾದವುಗಳಿಗೆ ಕೊಡುವ ಅನೇಕ ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಬಾಯಿಯನ್ನು ಒಣಗಿಸುತ್ತದೆ. ಬಾಯಿ ಒಣಗಿತೆಂದು ಪೆಪ್ಪರ್‌ಮಿಂಟ್ ಚೀಪುವುದು, ಗಂಟೆಗೊಮ್ಮೆ ಸಕ್ಕರೆ ಚಹಾ ಕುಡಿಯುವುದು ಬೆಂಕಿಗೆ ತುಪ್ಪ ಸುರಿದಂತೆ.

ನೋವಿಲ್ಲದ ಹಾನಿ

ವಯಸ್ಸಾದಂತೆ ಹಲ್ಲಿನೊಳಗಿನ ನರದ ಭಾಗ ಕುಗ್ಗುತ್ತದೆ. ಹಾಗಾಗಿ ಹುಳುಕು ಆಳಕ್ಕೆ ಹೋದರೂ ಅನೇಕರಿಗೆ ನೋವೇ ತಿಳಿಯುವುದಿಲ್ಲ. ಮೊದಲು ವಸಡಿನ ಅಂಚಿನಲ್ಲಿ ಹಳದಿ ಅಥವಾ ಕಂದು ಬಣ್ಣದ ಮೆದುವಾದ ಕಲೆ ಕಾಣುತ್ತದೆ. ಅದು ಮೆಲ್ಲನೆ ಹಲ್ಲಿನ ಸುತ್ತ ಉಂಗುರದಂತೆ ಹರಡುತ್ತದೆ. ಒಂದು ದಿನ ಏನನ್ನೋ ಕಚ್ಚುವಾಗ ಹಲ್ಲು ಬುಡದಲ್ಲೇ ಮುರಿದು ಕೈಗೆ ಬರುತ್ತದೆ. "ನಿನ್ನೆಯವರೆಗೆ ಚೆನ್ನಾಗಿತ್ತು" ಎನ್ನುವ ಮಾತು ನಿಜವಲ್ಲ. ಅದು ಚೆನ್ನಾಗಿರಲಿಲ್ಲ, ನಾವು ನೋಡಿರಲಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಮೆದುವಾದ ಬ್ರಷ್ ಕೊಡಿ. ವಸಡಿನಿಂದ ಹಲ್ಲಿನ ಕಡೆಗೆ ನಿಧಾನವಾಗಿ ಉಜ್ಜಲಿ. ಮಿಸ್ವಾಕ್ ಬಳಸುವವರು ಅದರ ತುದಿಯನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿಕೊಳ್ಳಲಿ, ಗರಗಸದಂತೆ ಅಡ್ಡಡ್ಡ ಎಳೆಯದಿರಲಿ. ಅದರ ಜೊತೆಗೆ ದಿನಕ್ಕೆರಡು ಬಾರಿ ಫ್ಲೋರೈಡ್ ಇರುವ ಪೇಸ್ಟ್ ಬೇಕೇ ಬೇಕು. ಇದ್ದಿಲು, ಉಪ್ಪು, ಹೊಗೆಸೊಪ್ಪಿನ ಪುಡಿ ಬೇಡ.

ಪೇಸ್ಟ್‌ನಲ್ಲಿರುವ ಫ್ಲೋರೈಡ್ ಬೇರಿನ ಮೇಲೆ ಸ್ವಲ್ಪ ಹೊತ್ತು ಉಳಿಯಬೇಕು. ಆದ್ದರಿಂದ ನೊರೆಯನ್ನು ಉಗುಳಿದರೆ ಸಾಕು, ಮತ್ತೆ ಮತ್ತೆ ಬಾಯಿ ಮುಕ್ಕಳಿಸುವುದು ಬೇಡ. ರಾತ್ರಿಯೂಟ ಮತ್ತು ಇಶಾ ನಮಾಝ್ ಎರಡೂ ಮುಗಿದ ಮೇಲೆ, ಮಲಗುವ ಮುನ್ನ ಬ್ರಷ್ ಮಾಡಿದರೆ ಇದು ಸುಲಭ. ರಮಝಾನಿನಲ್ಲಿ ಸಹರಿ ಮುಗಿದ ಕೂಡಲೇ ಬ್ರಷ್ ಮಾಡುವ ರೂಢಿ ಇರಲಿ. ಇಫ್ತಾರಿನ ಖರ್ಜೂರ ಹಲ್ಲಿಗೆ ಅಂಟುತ್ತದೆ, ತಿಂದ ಮೇಲೆ ನೀರು ಕುಡಿದು ಬಾಯಿ ತೊಳೆದುಕೊಳ್ಳಲಿ.

ಸಿಹಿಯನ್ನು ಊಟದ ಜೊತೆಗೇ ಮುಗಿಸಲಿ. ನಡುನಡುವೆ ಬಾಯಾರಿದರೆ ನೀರೇ ಒಳ್ಳೆಯದು. ಬಾಯಿ ಒಣಗುತ್ತದೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ತೆಗೆದಿಡುವ ಹಲ್ಲುಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಲಿ. ಅದರ ಕೊಕ್ಕೆ ತಾಗುವ ಹಲ್ಲುಗಳನ್ನು ವಿಶೇಷವಾಗಿ ಉಜ್ಜಬೇಕು. ಕೈ ನಡುಗುವವರಿಗೆ ದಪ್ಪ ಹಿಡಿಯ ಬ್ರಷ್ ಸುಲಭ. ಹಾಸಿಗೆ ಹಿಡಿದವರ ಹಲ್ಲನ್ನು ಮನೆಯವರೇ ಉಜ್ಜಬೇಕು. ಅನ್ನ ಉಣಿಸುವಷ್ಟೇ ಇದೂ ಅಗತ್ಯ.

ದಂತವೈದ್ಯರ ಬಳಿ

ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ, ಸೇವಿಸುವ ಮಾತ್ರೆಗಳ ಚೀಟಿಯನ್ನೂ ಕೊಂಡೊಯ್ಯಿರಿ. ಹುಳುಕು ಮೇಲ್ಪದರದಲ್ಲಿದ್ದರೆ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವೂ ಹುಳುಕನ್ನು ತಡೆಯುತ್ತದೆ. ಕೊರೆಯುವ, ಚುಚ್ಚುವ ಭಯವಿಲ್ಲ. ಆದರೆ ಹುಳುಕಾದ ಜಾಗ ಕಪ್ಪಾಗುತ್ತದೆ, ಇದನ್ನು ಮೊದಲೇ ತಿಳಿದಿರಲಿ. ಗುಂಡಿ ಬಿದ್ದಿದ್ದರೆ ಗ್ಲಾಸ್ ಅಯೊನೊಮರ್ ಸಿಮೆಂಟ್‌ನಿಂದ ತುಂಬಬಹುದು. ಬುಡದಲ್ಲಿ ಮುರಿದ ಮೇಲೆ ಹೋದರೆ ಅನೇಕ ಬಾರಿ ಕೀಳುವುದೊಂದೇ ದಾರಿ ಉಳಿಯುತ್ತದೆ.

ಇಂದೇ ಉಮ್ಮನನ್ನೋ, ಅಜ್ಜನನ್ನೋ ಬೆಳಕಿಗೆ ಕೂರಿಸಿ. ಮೊಬೈಲ್ ಟಾರ್ಚ್ ಹಿಡಿದು, ತುಟಿ ಸರಿಸಿ, ವಸಡಿನ ಅಂಚನ್ನು ಒಮ್ಮೆ ನೋಡಿ. ನಮ್ಮ ಹಾಲುಹಲ್ಲು ಮೂಡಿದಾಗ ಅವರು ಎಷ್ಟು ಬಾರಿ ನಮ್ಮ ಬಾಯಿ ತೆರೆಸಿ ನೋಡಿದ್ದರೋ! ಈಗ ನೋಡುವ ಸರದಿ ನಮ್ಮದು.