ಮನೆಯ ತಂತ್ರಚಿತ್ರಣವೂ ರೈಲುದಾರಿಯ ಸಾಹಸವೂ

ಇಲ್ಲದುದನ್ನು ಇದ್ದಂತೆ ತೋರಿಸುವ ಕಲೆ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯ ಬಯಲಾಟದಲ್ಲಿ ಮಹಿಷಾಸುರನು ಪ್ರವೇಶಿಸುವಾಗ ದೊಂದಿಗೆ ರಾಳದ ಪುಡಿಯನ್ನೆರಚಿ ಜ್ವಾಲೆಯೆಬ್ಬಿಸುವ ಪದ್ಧತಿಯು ಸರ್ವವಿದಿತವಾದುದು. ಇಂದು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ತರುಣರಿಗೆ ವಿಡಿಯೋ ತೆಗೆಯುವ ಮತ್ತು ಸಂಕಲಿಸುವ ಸಾಧನವು ಅಂಗೈಯ ಮೊಬೈಲಿನಲ್ಲಿಯೇ ಇದೆ. ಆದರೆ ರೋಮಾಂಚಕ ದೃಶ್ಯದ ಆಸೆಯಿಂದ ಓಡುವ ಲೋಕಲ್ ಗಾಡಿಯ ಬಾಗಿಲಿಗೆ ಜೋತುಬೀಳುವವರೂ ಹಳಿಯ ಮೇಲೆ ನಿಲ್ಲುವವರೂ ಇದ್ದಾರೆ. ತಂತ್ರಚಿತ್ರಣದ ತತ್ತ್ವವನ್ನರಿತವನಿಗೆ ಈ ದುಸ್ಸಾಹಸವು ಅನಾವಶ್ಯಕ. ಅಪಾಯಕ್ಕೊಳಗಾಗದೆ ಅಪಾಯವನ್ನು ತೋರಿಸುವುದೇ ಆ ತಂತ್ರದ ಮುಖ್ಯ ಪ್ರಯೋಜನ.

ರೈಲಿಗೂ ಚಲಚ್ಚಿತ್ರಕ್ಕೂ ಈ ಪ್ರದೇಶದಲ್ಲಿ ಹಳೆಯ ನಂಟಿದೆ. ಬೋರಿಬಂದರಿನಿಂದ ಥಾಣೆಗೆ ಮೊದಲ ಗಾಡಿ ಓಡಿದುದು 1853ರ ಏಪ್ರಿಲ್ 16ರಂದು; ಮರುವರ್ಷ ದಾರಿಯು ಕಲ್ಯಾಣಿಗೆ ಮುಟ್ಟಿತು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಿತ್ರಗಳು ಪ್ರದರ್ಶಿತವಾದಾಗ, ಅವುಗಳಲ್ಲೊಂದು ನಿಲ್ದಾಣಕ್ಕೆ ಗಾಡಿ ಬರುವ ದೃಶ್ಯವೇ ಆಗಿತ್ತು. ಇಂದಿನ ರೈಲುದಾರಿಯ ಮೇಲಿನ ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಒತ್ತಡವು 25,000 ವೋಲ್ಟ್. ಅದನ್ನು ಮುಟ್ಟದಿದ್ದರೂ, ತೀರ ಸಮೀಪಿಸಿದ ಮಾತ್ರಕ್ಕೆ ಪ್ರಾಣ ಹೋಗಬಹುದು.

ಕ್ಯಾಮೆರಾದ ಮೂರು ಮಿತಿಗಳೇ ತಂತ್ರಚಿತ್ರಣಕ್ಕೆ ಆಧಾರ. ಮೊದಲನೆಯದಾಗಿ, ಅದು ಚಲನೆಯನ್ನು ಅಖಂಡವಾಗಿ ಕಾಣದೆ, ಸೆಕೆಂಡಿಗೆ 25 ಅಥವಾ 30 ಬಿಡಿಚಿತ್ರಗಳಾಗಿ ಹಿಡಿಯುತ್ತದೆ. ಎರಡು ಬಿಡಿಚಿತ್ರಗಳ ನಡುವೆ ನಡೆದುದು ಪ್ರೇಕ್ಷಕನಿಗೆ ಕಾಣದು. ದಾದಾಸಾಹೇಬ ಫಾಳ್ಕೆಯವರು ಕುಂಡದಲ್ಲಿ ಬಟಾಣಿ ಬಿತ್ತಿ, ಅದರ ಬೆಳವಣಿಗೆಯನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಚಿತ್ರಿಸಿ, ಸಸಿಯು ಕಣ್ಣೆದುರೇ ಬೆಳೆಯುವಂತೆ ತೋರಿಸಿದರು. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಚಿತ್ರಣವನ್ನು ತಡೆದು, ಪಾತ್ರಧಾರಿಯನ್ನು ಸರಿಸಿ ಮುಂದುವರಿಸಿದರೆ ಆತನು ಮಾಯವಾದಂತೆ ಕಾಣುವುದೂ ಇದೇ ನ್ಯಾಯದಿಂದ.

ಎರಡನೆಯದಾಗಿ, ಕ್ಯಾಮೆರಾ ಒಕ್ಕಣ್ಣಿನದು, ದೂರವನ್ನು ಅಳೆಯಲಾರದು. ಆಟಿಕೆಯ ರೈಲನ್ನು ಹತ್ತಿರವಿಟ್ಟು, ಮನುಷ್ಯನನ್ನು ದೂರ ನಿಲ್ಲಿಸಿ, ನೆಲಮಟ್ಟದಿಂದ ಒಳ್ಳೆಯ ಬೆಳಕಿನಲ್ಲಿ ಚಿತ್ರಿಸಿದರೆ ಎರಡೂ ಒಂದೇ ಅಳತೆಯವಾಗಿ ತೋರುತ್ತವೆ.

ಮೂರನೆಯದಾಗಿ, ಹಿನ್ನೆಲೆಯ ಬಣ್ಣದಲ್ಲಿ ಬೆರೆತುದನ್ನು ಕ್ಯಾಮೆರಾ ಬೇರ್ಪಡಿಸಲಾರದು. 1937ರ ‘ಖ್ವಾಬ್ ಕಿ ದುನಿಯಾ’ ಎಂಬ ಹಿಂದಿ ಚಿತ್ರದಲ್ಲಿ ಬಾಬುಭಾಯಿ ಮಿಸ್ತ್ರಿಯವರು ಕಪ್ಪು ದಾರಗಳಿಂದ ವಸ್ತುಗಳನ್ನು ಚಲಿಸುವಂತೆ ಮಾಡಿ ‘ಕಾಲಾ ಧಾಗಾ’ ಎಂಬ ಅಡ್ಡಹೆಸರನ್ನೇ ಪಡೆದರು. ಇಂದಿನ ಹಸಿರು ಬಟ್ಟೆಯಾದರೋ ಬಣ್ಣವನ್ನೇ ಬೇರೊಂದು ರೀತಿಯಲ್ಲಿ ಬಳಸಿಕೊಳ್ಳುತ್ತದೆ. ಮನುಷ್ಯನ ಮೈಬಣ್ಣದಲ್ಲಿ ಅಂತಹ ಹಸಿರು ಇಲ್ಲದಿರುವುದರಿಂದ, ಸಂಕಲನದಲ್ಲಿ ಆ ಬಣ್ಣವನ್ನಷ್ಟೇ ಅಳಿಸಿ ಬೇರೆ ದೃಶ್ಯವನ್ನು ತುಂಬಬಹುದು. ನಾಸಿಕ ಜಿಲ್ಲೆಯ ಮಾಲೆಗಾಂವ್ ಎಂಬ ಮಗ್ಗಗಳ ಊರಿನಲ್ಲಿ ಹವ್ಯಾಸಿಗಳು ಇಂತಹ ಬಟ್ಟೆಯ ನೆರವಿನಿಂದಲೇ ತಮ್ಮ ನಾಯಕನನ್ನು ಆಕಾಶದಲ್ಲಿ ಹಾರಿಸಿದರು. ಅವರ ಶ್ರಮವನ್ನು ಫೈಜಾ ಅಹ್ಮದ್ ಖಾನ್ ಅವರ 2008ರ ಸಾಕ್ಷ್ಯಚಿತ್ರವು ದಾಖಲಿಸಿದೆ.

ಈ ತತ್ತ್ವದಿಂದ ಲೋಕಲ್ ಗಾಡಿಯ ಬಾಗಿಲಿನ ದೃಶ್ಯವನ್ನು ಮನೆಯಲ್ಲಿಯೇ ನಿರ್ಮಿಸಬಹುದು. ಮೊದಲು ಗಾಡಿಯ ಕಿಟಕಿಯ ಬಳಿ ಕುಳಿತು, ಕೈಯನ್ನು ಹೊರಚಾಚದೆ, ಮುಂಬ್ರಾ ಸಮೀಪದ ಖಾಡಿ ಮೊದಲಾದ ಹೊರನೋಟವನ್ನು ಚಿತ್ರಿಸಿಕೊಳ್ಳಬೇಕು. ಬಳಿಕ ಮನೆಯ ಬಾಗಿಲ ಚೌಕಟ್ಟಿನ ಹಿಂದೆ ಸುಕ್ಕಿಲ್ಲದ ಹಸಿರು ಬಟ್ಟೆಯನ್ನು ಕಟ್ಟಿ, ಅದರ ಮೇಲೆ ಬೆಳಕು ಸಮನಾಗಿ ಬೀಳುವಂತೆ ಮಾಡಬೇಕು. ಪಾತ್ರಧಾರಿಯು ಹಸಿರು ಉಡುಪನ್ನು ಧರಿಸದೆ, ಬಟ್ಟೆಯಿಂದ ನಾಲ್ಕಾರು ಅಡಿ ಮುಂದೆ ನಿಲ್ಲಬೇಕು. ಇಲ್ಲವಾದರೆ ಹಸಿರು ಛಾಯೆಯು ಆತನ ಮೈಮೇಲೆ ಬೀಳುತ್ತದೆ. ಹೊರನೋಟದಲ್ಲಿ ಬಿಸಿಲು ಎಡದಿಂದ ಬಂದಿದ್ದರೆ ಮನೆಯ ದೀಪವೂ ಎಡದಲ್ಲಿಯೇ ಇರಬೇಕು. ಮೇಜಿನ ಫ್ಯಾನು ತಲೆಗೂದಲನ್ನು ಹಾರಿಸಲಿ. ದೀಪದ ಮುಂದೆ ಆಗಾಗ ರಟ್ಟನ್ನು ಸರಿಸಿದರೆ ಕಂಬಗಳ ನೆರಳು ಹಾದುಹೋದಂತಾಗುವುದು. ಇದಕ್ಕೆ ಗಾಡಿಯ ಗದ್ದಲವನ್ನು ಸೇರಿಸಿದರೆ ಭ್ರಮೆಯು ಪೂರ್ಣವಾಗುತ್ತದೆ.

ಬೆಂಕಿಗೂ ಇದೇ ನಿಯಮ. ಬಯಲಿನಲ್ಲಿ ಅನುಭವಿಗಳ ಕೈಯಲ್ಲಿ ಶೋಭಿಸುವ ರಾಳವು ಫ್ಲ್ಯಾಟಿನ ಕೋಣೆಯಲ್ಲಿ ಸಲ್ಲದು. ಕಿತ್ತಳೆ ಬಣ್ಣದ ತೆಳುಕಾಗದದ ಪಟ್ಟಿಗಳನ್ನು ಫ್ಯಾನಿನ ಮೇಲ್ಮುಖ ಗಾಳಿಗೆ ಹಾರಿಸಿ, ಕೆಳಗಿನಿಂದ ಬೆಳಕು ಬಿಟ್ಟರೆ ಸಾಕಷ್ಟು ನಂಬಿಕೆ ಹುಟ್ಟಿಸುವ ಜ್ವಾಲೆ ದೊರೆಯುತ್ತದೆ.

ಇಲ್ಲಿ ಮರೆಯಬಾರದ ಒಂದು ಮಾತಿದೆ. ತಂತ್ರವು ಯಶಸ್ವಿಯಾದಷ್ಟೂ ನೋಡುವ ಬಾಲಕನು ಅದನ್ನು ನಿಜವೆಂದು ಬಗೆದು, ನಿಜವಾದ ಗಾಡಿಯಲ್ಲಿ ಅನುಕರಿಸುವ ಸಂಭವವೂ ಹೆಚ್ಚು. ಆದುದರಿಂದ ಚಿತ್ರದ ಕೊನೆಯಲ್ಲಿ ಹಸಿರು ಬಟ್ಟೆ, ಫ್ಯಾನು, ರಟ್ಟುಗಳನ್ನೂ ತೋರಿಸಿಬಿಡುವುದು ಉಚಿತ. ಗುಟ್ಟು ಬಯಲಾದುದರಿಂದ ಕಲೆಗೆ ಊನವಿಲ್ಲ. ಮಾಲೆಗಾಂವಿನವರ ಹಾರಾಟದ ಗುಟ್ಟನ್ನು ಕಂಡವರು ಅವರನ್ನು ಮತ್ತಷ್ಟು ಮೆಚ್ಚಿದರು.